ಐದು ಸೇರು ಅರಳು

ನಮ್ಮ ಮಾವನವರಿಗೆ ತೂಕದ ಹುಚ್ಚು. ರೈಲ್ವೆಯ ಪಾರ್ಸೆಲ್ ಆಫೀಸಿನಲ್ಲಿ ಇಡೀ ದಿನ ತೂಗಿ ಬಂದರೂ ಮನೆಯಲ್ಲಿ ಅವರ ಕೈ ಸುಮ್ಮನಿರುತ್ತಿರಲಿಲ್ಲ. ಸೇರು ಹೋಗಿ ಕಿಲೋ ಬಂದ ಹೊಸದರಲ್ಲಿ ಅಡುಗೆಮನೆಗೆ ಹೊಕ್ಕು, ಅತ್ತೆ ಕಾಳು ಅಳೆಯುವ ಸೇರಿನ ಪಾತ್ರೆಯಲ್ಲಿ ಜೋಳ ತುಂಬಿ, ತೂಗಿ, "ಸೇರಂದ್ರ ಒಂದು ಕಿಲೋ, ಮುಗೀತು" ಎಂದು ತೀರ್ಪು ಕೊಟ್ಟಿದ್ದರಂತೆ. ನಾನು ಸೊಸೆಯಾಗಿ ಆಂಟಾಪ್ ಹಿಲ್‌ನ ಆ ಮನೆಗೆ ಬರುವ ಹೊತ್ತಿಗೆ ಅದು ಅಲ್ಲಿ ಕಾನೂನಾಗಿತ್ತು.

ಮದುವೆಯಾದ ಮೇಲೆ ಮೊದಲ ನಾಗರ ಪಂಚಮಿ. ನಮ್ಮ ಕಡೆ ಪಂಚಮಿಗೆ ಜೋಳದ ಅರಳು ಬೇಕೇ ಬೇಕು. ಮೊದಲ ವರ್ಷ ಅದು ಸೊಸೆಯ ತವರಿನಿಂದ ಬರಬೇಕು. "ಐದು ಸೇರು ಕಳಸ್ರಿ" ಎಂದು ಮಾವನವರೇ ಹೇಳಿ ಕಳಿಸಿದ್ದರು. ಅವ್ವ ಇದ್ದದ್ದು ವಿಲೆ ಪಾರ್ಲೆಯಲ್ಲಿ, ಗಂಡನಿಲ್ಲದ ಹೆಂಗಸು, ಇದ್ದದ್ದೊಂದೇ ಖೋಲಿ. ಜೋಳಕ್ಕೆ ನೀರು ಚಿಮುಕಿಸಿ, ಬಟ್ಟೆಯಲ್ಲಿ ಕಟ್ಟಿಟ್ಟು, ಕಾದ ಬಾಣಲೆಯಲ್ಲಿ ಹಿಡಿಹಿಡಿಯಾಗಿ ಹುರಿದು, ಅರಳದ ಕಾಳನ್ನೆಲ್ಲ ಜರಡಿ ಹಿಡಿದು ತೆಗೆದು, ಸೇರಿನ ಮೇಲೆ ಗುಡ್ಡೆ ನಿಲ್ಲುವಂತೆ ಅಳೆದು ತುಂಬಿದ್ದಳು. ಹಬ್ಬದ ಹಿಂದಿನ ದಿನ ಅಣ್ಣ ಆ ಚೀಲವನ್ನು ಲೋಕಲ್‌ನ ನೂಕುನುಗ್ಗಲಿನಲ್ಲಿ ತಲೆಯ ಮೇಲೆ ಹಿಡಿದು ತಂದು, ಕೊಟ್ಟು, ಡ್ಯೂಟಿಗೆ ಓಡಿದ.

ಮಾವನವರು ಚೀಲವನ್ನು ಕೊಕ್ಕೆಯ ತಕ್ಕಡಿಗೆ ತೂಗುಹಾಕಿದರು. ಮುಳ್ಳು ಅರ್ಧ ಕಿಲೋದ ಆಸುಪಾಸಿನಲ್ಲೇ ನಿಂತಿತು.

"ಐದು ಕಿಲೋ ಎಲ್ಲಿ, ಇದೆಲ್ಲಿ? ನಿಮ್ಮವ್ವ ನಮಗ ಟೋಪಿ ಹಾಕ್ಯಾಳ!"

ಬಾಗಿಲು ತೆರೆದೇ ಇತ್ತು. ಮನೆಗಳ ಮುಂದಿನ ಉದ್ದ ಗ್ಯಾಲರಿಯಲ್ಲಿ ಬಟ್ಟೆ ಒಣಹಾಕುತ್ತಿದ್ದ ಹೆಂಗಸರೆಲ್ಲ ಕೇಳಿಸಿಕೊಂಡರು.

ನನಗೆ ಮೈಯೆಲ್ಲ ಉರಿಯಿತು. ನನ್ನನ್ನೇ ಅಂದಿದ್ದರೆ ನುಂಗಿಕೊಳ್ಳುತ್ತಿದ್ದೆನೇನೋ. ಕಂಡವರ ಮುಂದೆ ಅವ್ವ ಕಳ್ಳಿಯಾಗುವುದನ್ನು ನುಂಗಲು ನಾನು ತಯಾರಿರಲಿಲ್ಲ. ಅತ್ತೆಯ ಕಡೆ ನೋಡಿದೆ. ಹುಡುಗಿಯಾಗಿದ್ದಾಗಿನಿಂದ ಅರಳು ಹುರಿದ ಕೈ ಅವರದು, ಅರಳು ಎಷ್ಟು ಹಗುರ ಎಂದು ಅವರಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಅವರು ಸ್ಟೋವಿಗೆ ಪಂಪು ಹೊಡೆಯುತ್ತ ತಲೆ ಎತ್ತಲೇ ಇಲ್ಲ.

ನೆಲಕ್ಕೆ ಚಾದರ ಹಾಸಿ, ಸೇರು ತಂದು, ಚೀಲದ ಅರಳನ್ನೆಲ್ಲ ಅಳೆದು ಸುರಿದೆ. ಐದು ಸೇರು ತುಂಬಿ ಇನ್ನೂ ಒಂದು ಹಿಡಿ ಉಳಿಯಿತು. ಆಮೇಲೆ ಡಬ್ಬಿಯಿಂದ ಒಂದು ಸೇರು ಜೋಳ ತೂಗಿದೆ, ಒಂದು ಸೇರು ಅರಳು ತೂಗಿದೆ. ಜೋಳ ಒಂದು ಕಿಲೋ, ಅರಳು ನೂರು ಗ್ರಾಂ.

"ಇದೂ ಸೇರ, ಅದೂ ಸೇರ, ಮಾವಾರ. ನಿಮಗ ಅರಳು ಐದು ಕಿಲೋನ ಬೇಕಂದ್ರ ಐವತ್ತು ಸೇರು ಆಗತೈತಿ. ಈ ಖೋಲ್ಯಾಗ ಅದನ್ನ ತುಂಬಿ ನಾವೆಲ್ಲಿ ಮಲಗೂಣು?"

ಅವರು ತಕ್ಕಡಿಯ ಮುಳ್ಳನ್ನು ಬೆರಳಿನಿಂದ ತಟ್ಟಿ ನೋಡಿದರು. ತಕ್ಕಡಿಯದೇನೂ ತಪ್ಪಿರಲಿಲ್ಲ. "ಆತು ಬಿಡು, ಸಣ್ಣ ಮಾತು" ಎಂದು ಚಪ್ಪಲಿ ಮೆಟ್ಟಿದರು.

"ಅಂದದ್ದು ಗ್ಯಾಲರಿ ತನಕ ಕೇಳೇತ್ರಿ. ಹಿಂದ ತಗೊಳ್ಳೂದೂ ಅಲ್ಲೀ ತನಕ ಕೇಳಬೇಕು."

ಅವರು ಆಫೀಸಿಗೆ ಹೋದರು. ಹೊಸ ಸೊಸೆ ಹೀಗೆ ಬಾಯಿ ಮಾಡಬಾರದಿತ್ತು ಎಂದು ಆಮೇಲೆ ಎಷ್ಟೋ ಜನ ಅಂದರು. ಅನ್ನಲಿ.

ಮರುದಿನ ಪೂಜೆಯಾದ ಮೇಲೆ ಮನೆಮನೆಗೆ ಅರಳು ಹಂಚುವುದಿತ್ತು. ನಾನು ಪ್ರತಿ ಬಾಗಿಲಲ್ಲಿ ನಿಂತು, ಬೇಕೆಂದೇ ದನಿ ಎತ್ತರಿಸಿ ಹೇಳಿದೆ: "ನಮ್ಮವ್ವ ಕಳಿಸಿದ್ದು. ಐದು ಸೇರು ಕೇಳಿದ್ರು, ಐದೂ ಸೇರು ತುಂಬಿ ಬಂದಾವ."

"ಗೊತ್ತುಂಟು ಮಾರಾಯ್ತಿ, ಅರಳನ್ನು ಯಾರಾದ್ರೂ ತೂಗ್ತಾರಾ?" ಎಂದು ಎದುರು ಮನೆಯ ಉಡುಪಿಯ ಹೆಂಗಸು ನಕ್ಕಳು.

ಅತ್ತೆ ಇನ್ನೊಂದು ತಟ್ಟೆ ಹಿಡಿದು ಹಿಂದೆ ಬರುತ್ತಿದ್ದರು. ಕೊನೆಯ ಬಾಗಿಲಲ್ಲಿ ನಾನು ಬಾಯಿ ತೆರೆಯುವ ಮೊದಲೇ ಅವರೇ ಹೇಳಿದರು: "ನಮ್ಮ ಬೀಗತಿ ಕಳಿಸ್ಯಾಳ್ರಿ. ಅಳತಿ ಬರೋಬರಿ ಐತಿ."

ಆ ಬಾಗಿಲು ಮುಚ್ಚಿದ ಮೇಲೆ ಅತ್ತೆ ನನ್ನ ಮುಖ ನೋಡಿದರು, ಒಂದು ಒಳ್ಳೆಯ ಮಾತಿಗಾಗಿ. ಕನಿಕರ ಬಂತು, ಸುಳ್ಳೇಕೆ ಹೇಳಲಿ. ಸಿಟ್ಟು ಮಾತ್ರ ಇಳಿದಿರಲಿಲ್ಲ.

"ಇದನ್ನ ನೀವು ನಿನ್ನೆ ಅನ್ನಬೇಕಿತ್ರಿ, ಅತ್ತಿ," ಎಂದೆ.