ನದಿ ಹಂಚಿದ ಆಯ್ತಪ್ಪ

ಅವನಿಗೆ ಆಯ್ತಪ್ಪ ಎಂದು ಅಡ್ಡಹೆಸರು ಇಟ್ಟವಳು ಅವನ ಸ್ವಂತ ಅಕ್ಕ. ಯಾರು ಏನು ಕೇಳಿದರೂ ‘ಆಯ್ತು’ ಎನ್ನುವ ಬಾಯಿ ಅದು. ಹುಡುಗನಾಗಿದ್ದಾಗ ಒಂದೇ ಸೈಕಲ್ಲನ್ನು ಒಂದೇ ಸಂಜೆಗೆ ಇಬ್ಬರು ಗೆಳೆಯರಿಗೆ ಕೊಡುತ್ತೇನೆಂದು ಒಪ್ಪಿಕೊಂಡು, ಇಬ್ಬರೂ ಬಾಗಿಲಿಗೆ ಬಂದಾಗ ಹಿತ್ತಲಿನಿಂದ ಪರಾರಿಯಾದವನು. ಬಾಗಿಲಲ್ಲಿ ನಿಂತು ಬೈಸಿಕೊಂಡವಳು ಅಕ್ಕ. ತಾಯಿ ಹೋದ ಮೇಲೆ ಹೊಲಿಗೆ ಮಿಷನ್ ತುಳಿದು ಅವನನ್ನು ಓದಿಸಿದವಳೂ ಅವಳೇ. ಅದಕ್ಕಾಗಿ ಅವಳೇನೂ ಹಾರ ತುರಾಯಿ ಬಯಸಿರಲಿಲ್ಲ. ಬೆನ್ನುಮೂಳೆ ಇರುವ ಒಬ್ಬ ಗಂಡಸು ತಯಾರಾಗಿದ್ದರೆ ಸಾಕಿತ್ತು. ಆಗಲಿಲ್ಲ.

ಇಂಥವನು ಜೀವನದಲ್ಲಿ ಮುಂದೆ ಬಂದ. ಬರದೆ ಏನು, ದೊಡ್ಡವರಿಗೆಲ್ಲ ಬೇಕಾದದ್ದೇ ಇಂಥವರು. ನೀರಾವರಿ ಕಚೇರಿಯಲ್ಲಿ ಕಾಲುವೆ ಮೇಲ್ವಿಚಾರಕನಾಗಿ ಸೇರಿದವನು ನಿವೃತ್ತನಾದ ಮೇಲೆ ನದಿ ಹಂಚಿಕೆ ಸಮಿತಿಯ ಅಧ್ಯಕ್ಷನಾಗಿ ಕುಳಿತ. ಅಣೆಕಟ್ಟಿನ ಕೆಳಗೆ ಆ ನದಿಯನ್ನು ಕಾದು ಕೂತವರು ಮೂವರು: ಮೊದಲು ಹಣ್ಣಿನ ತೋಟದವರು, ನಡುವೆ ಬಟ್ಟೆಗೆ ಬಣ್ಣ ಹಾಕುವ ಕಾರ್ಖಾನೆ, ಎಲ್ಲಕ್ಕಿಂತ ಕೊನೆಗೆ ಊರು. ಮೂವರದೂ ಎಣ್ಣೆ ಸೀಗೆಕಾಯಿ ಸಂಬಂಧ. ಆದರೆ ಅಧ್ಯಕ್ಷ ಯಾರಾಗಬೇಕು ಎಂಬ ಪ್ರಶ್ನೆ ಬಂದಾಗ ಮೂವರೂ ಇವನತ್ತಲೇ ಬೆರಳು ತೋರಿಸಿದರು. “ಅವರಿಂದ ಯಾರಿಗೂ ತೊಂದರೆ ಇಲ್ಲ” ಎಂದರು. ಅದನ್ನು ಹೊಗಳಿಕೆ ಎಂದು ತಿಳಿದ ಜಾಣ ಇವನೊಬ್ಬನೇ.

ಆ ನದಿಗೆ ಹಿಂದಿನವರು ಮಾಡಿಟ್ಟ ಒಂದು ಕ್ರಮವಿತ್ತು. ಬೇಸಿಗೆ ಬಂತೆಂದರೆ ಸರದಿ. ಒಬ್ಬರ ಸರದಿಯಲ್ಲಿ ಉಳಿದವರ ಗೇಟು ಭದ್ರ. ಇಡೀ ಹೊಳೆ ಒಬ್ಬರಿಗೇ. ಯಾಕೆಂದರೆ ಕೆಳಗಿನ ಪಾತ್ರವೆಲ್ಲ ಕಾದ ಮರಳು. ತುಂಬು ನೀರು ಬಿಟ್ಟರೆ ಮರಳು ತನ್ನ ಪಾಲು ಕುಡಿದು ಉಳಿದದ್ದನ್ನು ಊರಿಗೆ ಬಿಡುತ್ತದೆ. ಸಣ್ಣಗೆ ಬಿಟ್ಟರೆ ಎಲ್ಲ ಮರಳಿಗೇ, ಆನೆ ಹೊಟ್ಟೆಗೆ ಅರೆಕಾಸಿನ ಮಜ್ಜಿಗೆ. ಇದು ದಂಡೆಯ ಮೇಲೆ ಬಟ್ಟೆ ಒಗೆಯುವವರಿಗೂ ಗೊತ್ತು. ಹುದ್ದೆಯಲ್ಲಿದ್ದಷ್ಟು ಕಾಲ ಅದೇ ದಂಡೆಯ ಮೇಲೆ ಓಡಾಡಿದ ಆಯ್ತಪ್ಪನಿಗೆ ಗೊತ್ತಿರಲಿಲ್ಲ ಎಂದರೆ ಅದು ಹಸಿ ಸುಳ್ಳು.

ಆ ಬೇಸಿಗೆ ಅಣೆಕಟ್ಟಿನ ತಳ ಕಾಣುತ್ತಿತ್ತು. ಮೊದಲ ಸರದಿ ತಮಗೇ ಬೇಕೆಂದು ತೋಟದವರೂ ಕಾರ್ಖಾನೆಯವರೂ ಪಟ್ಟು ಹಿಡಿದರು. ತೋಟದವರು ಗಿಡದಲ್ಲಿ ಕಾಯಿ ನಿಂತಿದೆ ಎಂದರು. ಕಾರ್ಖಾನೆಯ ಮ್ಯಾನೇಜರು ತೊಟ್ಟಿಯಲ್ಲಿ ಬಟ್ಟೆ ನೆನೆದಿದೆ ಎಂದ. ಊರಿನ ಪರವಾಗಿ ಬಂದ ಪುರಸಭೆಯವನು ಅಂದಿದ್ದು ಏನೂ ಇಲ್ಲ. ಫ್ಯಾನಿನ ಕೆಳಗಿನ ಕುರ್ಚಿ ಹಿಡಿದು ಚೆನ್ನಾಗಿ ತೂಕಡಿಸಿದ. ಆಯ್ತಪ್ಪ ಎಲ್ಲರ ಮುಖ ನೋಡಿದ, ಎಲ್ಲರಿಗೂ ತಲೆಯಾಡಿಸಿದ, ಕೊನೆಗೆ ತೀರ್ಪು ಕೊಟ್ಟ: ಸರದಿ ಬೇಡ, ಎಲ್ಲರ ಗೇಟೂ ಸ್ವಲ್ಪ ಸ್ವಲ್ಪ ತೆಗೆಯೋಣ. ಹಾವೂ ಸಾಯಲಿಲ್ಲ, ಕೋಲೂ ಮುರಿಯಲಿಲ್ಲ. ಎಲ್ಲರೂ ಕೈ ಕುಲುಕಿ ಬಾಟಲಿ ನೀರು ಕುಡಿದು ಎದ್ದರು. ಹಗಲು ಕಂಡ ಬಾವಿಗೆ ಇರುಳು ಬಿದ್ದವರ ಕತೆ ಕೇಳಿದ್ದೇವೆ. ಈ ಮಹಾನುಭಾವ ಹಗಲಲ್ಲೇ, ಊರನ್ನೂ ಕೈಹಿಡಿದುಕೊಂಡು ಬಿದ್ದ.

ಅಕ್ಕನ ಎರಡೂ ಕಿಡ್ನಿ ಕೆಲಸ ಬಿಟ್ಟು ಕೆಲವು ವರ್ಷವಾಗಿತ್ತು. ವಾರಕ್ಕೆ ಮೂರು ಸಲ ಊರಿನ ಆಸ್ಪತ್ರೆಗೆ ಹೋಗಿ ಡಯಾಲಿಸಿಸ್ ಮಾಡಿಸಿಕೊಳ್ಳುತ್ತಿದ್ದಳು. ರಕ್ತ ತೊಳೆಯುವ ಆ ಯಂತ್ರ ಕೊಡಗಟ್ಟಲೆ ನೀರು ಕುಡಿಯುತ್ತದೆ. ತೀರ್ಪಿನ ಮುಂದಿನ ವಾರ ಒಂದು ದಿನ ಅವಳು ಚಪ್ಪಲಿ ಬಿಟ್ಟು ಒಳಗೆ ಹೋದರೆ ಯಂತ್ರಗಳೆಲ್ಲ ಮೌನವಾಗಿದ್ದವು. ನರ್ಸಮ್ಮ ಎದುರಿಗೆ ಬಂದು ನಿಂತಳು.

“ಅಮ್ಮಾ, ನಲ್ಲಿ ಬಂದಿಲ್ಲ. ಟ್ಯಾಂಕಲ್ಲಿರೋದು ಇಬ್ಬರಿಗೆ ಸಾಲುತ್ತೆ ಅಷ್ಟೇ.”

“ಇರೋ ನಾಲ್ಕು ಜನಕ್ಕೂ ಅರ್ಧರ್ಧ ಮಾಡಮ್ಮ” ಎಂದಳು ಅಕ್ಕ. ಅಂದ ಮೇಲೆ, ಇದು ತಮ್ಮನ ಮಾತಾಯಿತಲ್ಲ ಎಂದು ಅವಳಿಗೇ ನಾಚಿಕೆಯಾಯಿತು.

“ಅರ್ಧರ್ಧ ಮಾಡಿದ್ರೆ ನಾಲ್ಕು ಜನಾನೂ ಒದ್ದಾಡ್ತೀರಿ. ಉಳಿದವರಲ್ಲಿ ಇಬ್ಬರಿಗೆ ಹೋದ ಸಲಾನೂ ತಪ್ಪಿದೆ, ಇರೋ ನೀರು ಅವರಿಗೆ. ಇವತ್ತು ನಿಮಗಿಲ್ಲ ಅಮ್ಮಾ. ನಾಳೆ ನೀರು ಬಂದ್ರೆ ನೀವೇ ಮೊದಲು.”

“ಬರದಿದ್ರೆ?”

ನರ್ಸಮ್ಮ ಬಣ್ಣದ ಮಾತು ಆಡಲಿಲ್ಲ. “ಬರದಿದ್ರೆ ಕಷ್ಟ. ನೀರು, ಉಪ್ಪು ಎರಡೂ ಬಾಯಿಗೆ ಹಾಕ್ಬೇಡಿ. ಉಸಿರು ಕಟ್ಟಿದ್ರೆ ತಕ್ಷಣ ಬನ್ನಿ.”

ಅಕ್ಕನಿಗೆ ಕೋಪ ಬರಲಿಲ್ಲ, ಭಯವಾಯಿತು. ಆದರೂ ಆ ಹುಡುಗಿಯ ಮೇಲೆ ಗೌರವ ಹುಟ್ಟಿತು. ‘ಇಲ್ಲ’ ಎನ್ನುವುದನ್ನು ಅವಳು ಮುಖ ನೋಡಿ ಹೇಳಿದ್ದಳು.

ಮರುದಿನವೂ ನಲ್ಲಿಯಲ್ಲಿ ಗಾಳಿ ಬಂತು. ಅಕ್ಕನ ಕಾಲು ಊದಿ ಚಪ್ಪಲಿ ಹಿಡಿಸಲಿಲ್ಲ. ಬರಿಗಾಲಲ್ಲೇ ಆಟೋ ಹತ್ತಿ ಸಮಿತಿಯ ಕಚೇರಿಗೆ ಹೋದಳು. ಮಹಡಿಯ ಮೆಟ್ಟಿಲ ಮೇಲೆ ಎರಡು ಕಡೆ ಕೂತು ಎದ್ದು, ಏದುಸಿರು ಬಿಡುತ್ತ ಬಾಗಿಲು ತಳ್ಳಿದಳು. ಒಳಗೆ ಮೇಜಿನ ಸುತ್ತ ಟೀ, ಬಿಸ್ಕತ್ತು, ಅದೇ ಮುಖಗಳು. ಎಲ್ಲರ ಗೇಟೂ ಇನ್ನೊಂದು ಚೂರು ತೆಗೆಯುವುದು ಹೇಗೆ ಎಂಬ ಚರ್ಚೆ ನಡೆದಿತ್ತು.

ತಮ್ಮ ಎದ್ದು ಓಡಿ ಬಂದ. “ಅಯ್ಯೋ, ನೀನ್ಯಾಕಕ್ಕ ಇಷ್ಟು ಮೆಟ್ಟಿಲು ಹತ್ತಿದೆ? ಫೋನ್ ಮಾಡಿದ್ರೆ ಆಗ್ತಿರಲಿಲ್ವಾ?”

“ಮಾಡಿದೆ. ನಿನ್ನೆಯಿಂದ ‘ಆಯ್ತು, ನೋಡ್ತೀನಿ’ ಅಂತಿದ್ದೀಯ. ಏನು ನೋಡ್ದೆ?”

ಅವನು ಅವಳನ್ನು ಮೂಲೆಗೆ ಕರೆದು ದನಿ ತಗ್ಗಿಸಿದ. “ನಿಂಗೊಂದು ಟ್ಯಾಂಕರ್ ಕಳಿಸ್ತೀನಿ. ನಿಂಗೊಬ್ಬಳಿಗೆ. ಯಾರಿಗೂ ಗೊತ್ತಾಗಲ್ಲ.”

“ಅಲ್ಲಿ ನನ್ನ ಪಕ್ಕ ಮಲಗೋರ ಮುಖ ನಾನು ಹ್ಯಾಗೋ ನೋಡ್ಲಿ? ಟ್ಯಾಂಕರ್ ಬೇಡ. ಇವರ ಎರಡು ಗೇಟೂ ಮುಚ್ಚಿಸು. ಊರಿಗೆ ಸರದಿ ಕೊಡು. ಇವತ್ತು ನಿಮಗಿಲ್ಲ ಅಂತ ಇಲ್ಲೇ, ಇವರ ಎದುರಿಗೇ ಹೇಳು.”

ಅವನು ಮೇಜಿನ ಕಡೆ ನೋಡಿದ. ಕಾರ್ಖಾನೆಯ ಮ್ಯಾನೇಜರು ಬಿಸ್ಕತ್ತು ಅದ್ದುತ್ತ ಮುಗುಳ್ನಕ್ಕ. ಎಲ್ಲರಿಗೂ ಬೇಕಾದವನಾಗಿ ಇಷ್ಟು ವರ್ಷ ಬಾಳಿದವನು ಅಕ್ಕನ ಕಡೆ ತಿರುಗಿ, ಅವಳು ಬೆಳೆಸಿದ ಅದೇ ಬಾಯಲ್ಲಿ, ಹುಟ್ಟಿದ ಮೇಲೆ ಮೊದಲ ಸಲ ಅಂದ: “ಅದೊಂದು ಆಗಲ್ಲ ಅಕ್ಕ.”

ಅವಳು ಮೇಜಿನ ಬಳಿಗೆ ನಡೆದಳು. ಖಾಲಿಯಿದ್ದ ಅವನ ಕುರ್ಚಿಯಲ್ಲೇ ಕೂತು, ಸೀರೆ ಚೂರು ಸರಿಸಿ, ಊದಿದ ಕಾಲನ್ನು ಎತ್ತಿ ಬಿಸ್ಕತ್ತಿನ ತಟ್ಟೆಯ ಪಕ್ಕಕ್ಕೆ ಇಟ್ಟಳು. ಕಣಕಾಲಿಗೆ ಹೆಬ್ಬೆರಳು ಒತ್ತಿ ತೆಗೆದಳು. ಅಲ್ಲಿ ಗುಣಿ ಬಿದ್ದು ಹಾಗೇ ಉಳಿಯಿತು.

“ಇದು ನೀರೇ” ಎಂದಳು. “ಹೊರಗೆ ಹೋಗಬೇಕಾದ್ದು ಒಳಗೇ ನಿಂತಿದೆ. ಎದೆಗೆ ಬರೋತನಕ ಇಲ್ಲೇ ಕೂತಿರ್ತೀನಿ. ನೀವು ಟೀ ಕುಡೀರಿ.”

ಯಾರೂ ಕುಡಿಯಲಿಲ್ಲ. ಪುರಸಭೆಯವನಿಗೂ ಎಚ್ಚರವಾಯಿತು. ತೋಟದವರಲ್ಲಿ ಹಿರಿಯನಾದವನು ಆ ಗುಣಿಯನ್ನೇ ನೋಡುತ್ತಿದ್ದ. ಕುರ್ಚಿ ಹಿಂದಕ್ಕೆ ತಳ್ಳಿ ಎದ್ದ.

“ನಮ್ಮ ಗೇಟು ಮುಚ್ಚಿ. ಈ ಸಲ ಗಿಡ ಕಾಯಿ ಉದುರಿಸುತ್ತೆ, ಮನೇಲಿ ಬೈತಾರೆ. ಬೈಲಿ. ಇದನ್ನ ನೋಡ್ಕೊಂಡು ನೀರು ಹಾಯಿಸೋಕೆ ನನ್ನ ಕೈಲಾಗಲ್ಲ.”

ತೋಟದವರೇ ಮುಚ್ಚಿದ ಮೇಲೆ ಮ್ಯಾನೇಜರಿಗೆ ಬೇರೆ ದಾರಿಯಿರಲಿಲ್ಲ. ಬಟ್ಟೆಗಿಂತ ಜೀವ ದೊಡ್ಡದು ಎಂದು ಅವನೂ ಒಂದು ಮಾತು ಉದುರಿಸಿದ. ಎಲ್ಲರೂ ಅಧ್ಯಕ್ಷರತ್ತ ನೋಡಿದರು. ಅಧ್ಯಕ್ಷರ ಮುಖ ಅರಳಿತು. ಈಗ ಯಾರ ಮುಖವೂ ಗಂಟಿಕ್ಕಿರಲಿಲ್ಲ. “ಆಯ್ತು, ಆಯ್ತು” ಎಂದು ಗೇಟಿನವನಿಗೆ ಫೋನ್ ಹಚ್ಚಿ, ತನ್ನದೇ ನಿರ್ಧಾರ ಎಂಬಂತೆ ಗಟ್ಟಿ ದನಿಯಲ್ಲಿ ಅಪ್ಪಣೆ ಕೊಡಿಸಿದ.

ಮಾರನೆಯ ದಿನ ನೀರು ಬಂತು. ನರ್ಸಮ್ಮ ಮಾತಿಗೆ ತಪ್ಪದೆ ಅಕ್ಕನನ್ನೇ ಮೊದಲು ಮಲಗಿಸಿದಳು. ಯಂತ್ರ ಗೊರಗೊರ ಎನ್ನುತ್ತಿದ್ದಾಗ ಅಕ್ಕನಿಗೆ ಅಳು ಬಂತು. ಬದುಕಿದೆನೆಂಬ ಸಂತೋಷಕ್ಕಲ್ಲ. ಅಕ್ಕ ಸಾಯಲಿ ಎಂದು ತಮ್ಮ ಬಯಸಿರಲಿಲ್ಲ ಎಂಬುದೂ ಅವಳಿಗೆ ಗೊತ್ತು. ಆದರೆ ಪರರ ಮುಖ ಸಿಂಡರಿಸುವುದು ಒಂದು ಕಡೆ, ಅಕ್ಕನ ಜೀವ ಒಂದು ಕಡೆ ತೂಗಿದಾಗ ಅವನ ತಕ್ಕಡಿ ಯಾವ ಕಡೆ ವಾಲಿತೆಂದು ಕಣ್ಣಾರೆ ನೋಡಿಯಾಗಿತ್ತು.

ಮಲಗಿದ್ದಾಗಲೇ ಅವನ ಫೋನು ಬಂತು. ದನಿಯಲ್ಲಿ ಹಿಗ್ಗು. “ಅಕ್ಕಾ, ನೀರು ಬಂತಾ?”

“ಬಂತು” ಎಂದಳು. “ಆ ತೋಟದ ಹಿರಿಯರಿಗೆ ನನ್ನ ನಮಸ್ಕಾರ ಹೇಳು.”