ನನಗೆ ನಾನೇ ಹಾಕಿಕೊಂಡ ಏಳು ಅಂಕ

ನಮ್ಮ ಬೀದಿಯಲ್ಲಿ ಬುದ್ಧಿ ಎಂದರೆ ಅಂಕ. ಬೇರೆ ಅಳತೆಯೇ ಇರಲಿಲ್ಲ. ವಿಜಯನಗರದ ಆ ಅಡ್ಡರಸ್ತೆಯಲ್ಲಿ ಎಸ್ಸೆಸ್ಸೆಲ್ಸಿ ಫಲಿತಾಂಶ ಬಂದ ದಿನ ಯಾರ ಮನೆಯಿಂದ ಸಿಹಿಯ ತಟ್ಟೆ ಹೊರಡುತ್ತದೋ ಆ ಮನೆಯ ಮಗು ಬುದ್ಧಿವಂತ, ಯಾರ ಮನೆಯ ಬಾಗಿಲು ಮುಚ್ಚಿರುತ್ತದೋ ಆ ಮನೆಯದು ದಡ್ಡ. ನಮ್ಮ ಮನೆ ಎರಡನ್ನೂ ಕಂಡಿತ್ತು. ನಾನು ತಟ್ಟೆಯ ಮಗ, ನನಗಿಂತ ನಾಲ್ಕು ವರ್ಷ ಚಿಕ್ಕವಳಾದ ತಂಗಿ ಮುಚ್ಚಿದ ಬಾಗಿಲಿನ ಮಗಳು. ಗಣಿತದಲ್ಲಿ ಎರಡು ಸಲ ಡುಮ್ಕಿ ಹೊಡೆದು, ಮೂರನೆಯ ಸಲ ಹೇಗೋ ದಡ ಸೇರಿ, ಪಿಯುಸಿಗೆ ಕೈ ಮುಗಿದಿದ್ದಳು. ಅವಳಿಗೆ ಪಾಠ ಹೇಳಿಕೊಡುವ ಕೆಲಸ ನನ್ನದಾಗಿತ್ತು. ಪಾಠಕ್ಕಿಂತ ಹೆಚ್ಚಾಗಿ ತಲೆಗೆ ಮೊಟಕುವ ಕೆಲಸ ಅನ್ನಬೇಕು. ನೆನೆದರೆ ಈಗಲೂ ಕಿವಿ ಬಿಸಿಯಾಗುತ್ತದೆ.

ಅಪ್ಪ ರಾಜಾಜಿನಗರದ ಒಂದು ಕಾರ್ಖಾನೆಯ ಸ್ಟೋರ್ಸಿನಲ್ಲಿ ಗುಮಾಸ್ತರು. ಬಸ್ಸಿನಲ್ಲಿ ಹೋಗಿ ಬಸ್ಸಿನಲ್ಲಿ ಬರುವವರು. ನಾನು ಡಿಗ್ರಿ ಮುಗಿಸಿದ ವರ್ಷ ಅವರು ನನ್ನ ಹೆಸರಿನಲ್ಲಿ ಒಂದು ಸ್ಕೂಟರ್ ಬುಕ್ ಮಾಡಿಸಿದರು. ಆಗೆಲ್ಲ ಸ್ಕೂಟರ್ ಬೇಕೆಂದರೆ ಅಂಗಡಿಗೆ ಹೋಗಿ ತರುವಂತಿರಲಿಲ್ಲ. ಹೆಸರು ಬರೆಸಿ ವರ್ಷಗಟ್ಟಲೆ ಕಾಯಬೇಕಿತ್ತು. ಅಪ್ಪ ಕಾದರು. ನನಗೆ ಸರ್ಕಾರಿ ಕಚೇರಿಯ ಲೆಕ್ಕಪತ್ರ ವಿಭಾಗದಲ್ಲಿ ಕೆಲಸ ಸಿಕ್ಕಿತು, ಆಗಲೂ ಕಾಯುತ್ತಿದ್ದರು. ಬಸ್ಸಿನಲ್ಲಿ ಯಾರಾದರೂ ಕಾಲು ತುಳಿದರೆ ಮನೆಗೆ ಬಂದು ನಗುತ್ತಾ ಹೇಳುತ್ತಿದ್ದರು: "ಇನ್ನೆಷ್ಟು ದಿನ ತುಳೀತಾರೋ ತುಳೀಲಿ ಬಿಡು. ಗಾಡಿ ಬರ್ಲಿ, ನನ್ನ ಮಗನ ಹಿಂದೆ ಮಹಾರಾಜನ ಥರ ಕೂತ್ಕೊಂಡು ಹೋಗ್ತೀನಿ."

ಅವರಿಗೆ ಗಾಡಿ ಓಡಿಸುವ ಆಸೆ ಒಂದಿಷ್ಟೂ ಇರಲಿಲ್ಲ. ಹಿಂದಿನ ಸೀಟಿನಲ್ಲಿ ಕೂರುವುದಷ್ಟೇ ಅವರಿಗೆ ಬೇಕಾಗಿದ್ದದ್ದು. ಇದನ್ನು ಇಡೀ ಬೀದಿಗೆ ಹೇಳಿಕೊಂಡಿದ್ದರು.

ಕೊನೆಗೂ ಸ್ಕೂಟರ್ ಬಂತು. ತಿಳಿ ನೀಲಿ ಬಣ್ಣ, ಸೀಟಿಗೆ ಪ್ಲಾಸ್ಟಿಕ್ ಹಾಳೆ. ಅಂಗಡಿಯವನೇ ಓಡಿಸಿಕೊಂಡು ಬಂದು ಗೇಟಿನ ಒಳಗೆ ನಿಲ್ಲಿಸಿ ಹೋದ. ಶುಕ್ರವಾರ ಪೂಜೆ ಎಂದು ಅಮ್ಮ ನಿಶ್ಚಯಿಸಿದರು. ನನ್ನ ಕೈಯಲ್ಲಿ ಮೂರು ದಿನವಿತ್ತು, ನನಗೆ ಸೈಕಲ್ಲೂ ಬರುತ್ತಿರಲಿಲ್ಲ.

ಬುದ್ಧಿಯಿದ್ದವನು ಯಾರ ಬಳಿಗಾದರೂ ಹೋಗಿ ಕಲಿಯುತ್ತಿದ್ದ. ನಾನು ಸ್ಕೂಟರಿನ ಜೊತೆ ಬಂದ ಕೈಪಿಡಿ ಓದಿದೆ. ಕ್ಲಚ್ಚು, ಗೇರು, ಬ್ರೇಕು ಯಾವ ಕ್ರಮದಲ್ಲಿ ಬರಬೇಕೆಂದು ಕಾಗದದ ಮೇಲೆ ಚಿತ್ರ ಬರೆದೆ. ಕುರ್ಚಿಯ ಮೇಲೆ ಕುಳಿತು ಎಡಗೈಯಲ್ಲಿ ಲಟ್ಟಣಿಗೆ ಹಿಡಿದು ಗೇರು ತಿರುಗಿಸುವ ಅಭ್ಯಾಸ ಮಾಡಿದೆ. ತಂಗಿ ಬಾಗಿಲ ಬಳಿ ನಿಂತು ನೋಡಿ, "ಅಣ್ಣಾ, ಒಂದ್ಸಲ ಖಾಲಿ ಸೈಟ್‌ಗಳ ಕಡೆ ತಳ್ಕೊಂಡ್ಹೋಗೋಣ್ವಾ? ಕ್ಲಚ್ ಬಿಡೋದು ಕೈಗೆ ಗೊತ್ತಾಗ್ಬೇಕು," ಎಂದಳು. "ನಿಂಗೇನೇ ಗೊತ್ತು ಕ್ಲಚ್ ವಿಷ್ಯ? ಹೋಗ್ ಹೋಗು," ಎಂದು ಗದರಿದೆ. ಅವಳು ಗೆಳತಿಯ ಅಣ್ಣನ ಸ್ಕೂಟರನ್ನು ತಾನೇ ಓಡಿಸಿಕೊಂಡು ಬಸವೇಶ್ವರನಗರದ ಖಾಲಿ ರಸ್ತೆಗಳನ್ನೆಲ್ಲ ಆಗಲೇ ಸುತ್ತಿದ್ದಳು ಎಂಬುದು ಮನೆಯಲ್ಲಿ ಯಾರಿಗೂ ತಿಳಿದಿರಲಿಲ್ಲ. ಓದಿ ಓದಿ ಮರುಳಾದ ಕೂಚುಭಟ್ಟ ಅನ್ನುತ್ತಾರಲ್ಲ, ಆ ಭಟ್ಟನಿಗೆ ನಾನು ಸ್ವಂತ ತಮ್ಮನಾಗಬೇಕು.

ಶುಕ್ರವಾರ ಬೆಳಿಗ್ಗೆ ಬೀದಿಯೇ ನಮ್ಮ ಗೇಟಿನ ಮುಂದೆ ನೆರೆದಿತ್ತು. ಪುರೋಹಿತರು ಸ್ಕೂಟರಿನ ಮೂತಿಗೆ ಅರಿಶಿನ ಕುಂಕುಮ ಹಚ್ಚಿ, ಸೇವಂತಿಗೆ ಹಾರ ಹಾಕಿ, ಕಾಯಿ ಒಡೆದು, ಎರಡು ಚಕ್ರಗಳ ಮುಂದೆ ಎರಡು ನಿಂಬೆಹಣ್ಣು ಇಟ್ಟರು. ಗಾಡಿ ಅವನ್ನು ಜಜ್ಜಿಕೊಂಡು ಮುಂದೆ ಹೋಗಬೇಕು. ದೃಷ್ಟಿ, ಅಡ್ಡಿ, ಕೆಟ್ಟದ್ದು ಎಲ್ಲ ಆ ಹಣ್ಣಿನೊಂದಿಗೇ ಹೋಗುತ್ತದೆ. ಆಮೇಲೆ ನಾನು ಅಪ್ಪನನ್ನು ಕೂರಿಸಿಕೊಂಡು ಗುಡಿಯ ತನಕ ಹೋಗಿ ಬರಬೇಕು. ಅಪ್ಪ ಗಂಜಿ ಹಾಕಿ ಇಸ್ತ್ರಿ ಮಾಡಿದ ಬಿಳಿ ಷರ್ಟು ತೊಟ್ಟು, ತಲೆಗೆ ಎಣ್ಣೆ ಹಚ್ಚಿ ಬಾಚಿ, ಸರದಿಗೆ ಕಾದವರಂತೆ ಪಕ್ಕದಲ್ಲೇ ನಿಂತಿದ್ದರು.

ಕಿಕ್ ಹೊಡೆದೆ. ನಾಲ್ಕನೆಯದಕ್ಕೆ ಗಾಡಿ ಗುಡುಗಿತು. ಜನ "ಆಹಾ" ಎಂದರು. ಕೈಪಿಡಿಯಲ್ಲಿದ್ದಂತೆ ಕ್ಲಚ್ ಹಿಡಿದೆ, ಗೇರು ಹಾಕಿದೆ. 'ನಿಧಾನವಾಗಿ ಬಿಡಿ' ಎಂದು ಅಲ್ಲಿ ಬರೆದಿತ್ತು. ನಿಧಾನ ಎಂದರೆ ಎಷ್ಟು ನಿಧಾನ ಎಂದು ಬರೆದಿರಲಿಲ್ಲ. ಬಿಟ್ಟೆ. ಸ್ಕೂಟರ್ ಮುಂಗಾಲೆತ್ತಿ ನೆಗೆಯಿತು. ನಿಂಬೆಹಣ್ಣುಗಳು ಎರಡೂ ಪಕ್ಕಕ್ಕೆ ಸಿಡಿದು ಮೋರಿಯ ಕಡೆಗೆ ಉರುಳಿದವು. ಅಮ್ಮನ ಕೈಯ ಆರತಿ ತಟ್ಟೆ ಹಾರಿತು, ಪುರೋಹಿತರು ಪಂಚೆ ಎತ್ತಿಕೊಂಡು ಕಾಂಪೌಂಡಿಗೆ ಆತುಕೊಂಡರು. ನಾನು ಎದುರು ಮನೆಯ ಗೇಟಿಗೆ ಗುದ್ದಿ, ಹಾರ ಸಮೇತ ಗಾಡಿಯ ಕೆಳಗೆ ಬಿದ್ದೆ.

ಯಾರೋ ಕಿಸಕ್ಕೆಂದು ನಕ್ಕರು. "ಗಾಡೀಲೇ ಏನೋ ಡಿಫೆಕ್ಟ್ ಇದೆ," ಎಂದು ನಾನು ಬಿದ್ದಲ್ಲಿಂದಲೇ ಹೇಳಿದೆ. ಎದುರು ಮನೆಯ ಅಜ್ಜಿ ಸುಮ್ಮನಿರಬೇಕಲ್ಲ. "ಕುಣೀಲಾರದೋಳು ನೆಲ ಡೊಂಕು ಅಂದ್ಳಂತೆ," ಎಂದುಬಿಟ್ಟರು. ಆಗ ಎಲ್ಲರೂ ನಕ್ಕರು. ಭೂಮಿ ಬಾಯಿ ಬಿಡಬಾರದೇ ಎನ್ನಿಸಿತು. ಮೊಣಕೈ ತರಚಿದ್ದಕ್ಕಿಂತ, ರ‍್ಯಾಂಕ್ ಬಂದವನನ್ನು ಆ ಬೀದಿ ನೋಡಿ ನಗುತ್ತಿದೆಯಲ್ಲ ಎಂಬುದು ಹೆಚ್ಚು ಉರಿಯಿತು.

ಅಮ್ಮನ ಕಣ್ಣು ಮಾತ್ರ ಮೋರಿಯ ಕಡೆಗಿತ್ತು. ನಿಂಬೆಹಣ್ಣು ಜಜ್ಜದೆ ಉಳಿದರೆ ಅಪಶಕುನ. ಆಗ ತಂಗಿ ಬಂದಳು. ನನ್ನನ್ನು ಎಬ್ಬಿಸಿ, ಎಲ್ಲರಿಗೂ ಕೇಳುವಂತೆ, "ರಾತ್ರಿಯಿಂದ ಜ್ವರ ಆಂಟಿ ಅವ್ನಿಗೆ. ಬೇಡ್ವೋ ಅಂದ್ರೆ ಕೇಳ್ಲಿಲ್ಲ, ಪೂಜೆ ನಿಲ್ಬಾರ್ದು ಅಂದ," ಎಂದಳು. ನಗು ಸಣ್ಣಗಾಯಿತು. "ಅಯ್ಯೋ ಪಾಪ" ಎಂದರು ಕೆಲವರು. ಅವಳು ಸ್ಕೂಟರನ್ನು ತಳ್ಳಿಕೊಂಡು ಬಂದು ಮೊದಲಿನ ಜಾಗದಲ್ಲಿ ನಿಲ್ಲಿಸಿ, ಬೇರೆ ಎರಡು ಹಣ್ಣು ತರಿಸಿ ಇಟ್ಟು, ಗಾಡಿಯನ್ನು ಒಂದು ಪಕ್ಕಕ್ಕೆ ಸ್ವಲ್ಪ ಓರೆ ಮಾಡಿ ಒಂದೇ ಕಿಕ್ಕಿಗೆ ಚಾಲೂ ಮಾಡಿದಳು. ಲಂಗ ದಾವಣಿ ಸೊಂಟಕ್ಕೆ ಸಿಕ್ಕಿಸಿ ಹತ್ತಿ, ಎರಡೂ ಹಣ್ಣುಗಳ ಮೇಲೆ ಮೆಲ್ಲಗೆ ಹಾಯಿಸಿ, ರಸ್ತೆಯ ಕೊನೆಗೆ ಹೋಗಿ ತಿರುಗಿ ಬಂದಳು.

"ಅಪ್ಪಾ ಕೂತ್ಕೊಳಿ, ಗುಡಿಗೆ ಹೋಗ್ಬರೋಣ," ಎಂದಳು. ಮುಖ ಅರಳಿತ್ತು. ಅವಳನ್ನು ನಾನು ಅಷ್ಟು ಸಂತೋಷದಲ್ಲಿ ನೋಡಿರಲಿಲ್ಲ.

ಅಪ್ಪ ಸೀಟಿನ ಕಡೆ ನೋಡಿದರು. ಆಮೇಲೆ ನನ್ನ ಕಡೆ ನೋಡಿದರು. ನಾನು ಮೊಣಕೈ ಹಿಡಿದುಕೊಂಡು ನಿಂತಿದ್ದೆ. "ಬೇಡಮ್ಮ. ಮೊದ್ಲು ನಿಮ್ಮಣ್ಣ ಕಲೀಲಿ. ಅವ್ನು ಕಲಿತ ಮೇಲೆ ಕೂತ್ಕೋತೀನಿ," ಎಂದು ಒಳಗೆ ಹೋಗಿ ಷರ್ಟು ಬದಲಿಸಿದರು. ಅಂದೂ ಬಸ್ಸಿಗೇ ಹೋದರು.

ಕಲಿಯಲು ನಾನು ಪ್ರಯತ್ನಿಸಲಿಲ್ಲ ಎನ್ನುವಂತಿಲ್ಲ. ಭಾನುವಾರ ಬೆಳಿಗ್ಗೆ ತಂಗಿ ನನ್ನನ್ನು ಹಿಂದೆ ಕೂರಿಸಿಕೊಂಡು ವಿಶ್ವವಿದ್ಯಾಲಯದ ಜ್ಞಾನಭಾರತಿ ಆವರಣದ ಖಾಲಿ ರಸ್ತೆಗಳಿಗೆ ಕರೆದೊಯ್ಯುತ್ತಿದ್ದಳು. ನಾನು ಅವಳಿಗೆ ಗಣಿತ ಹೇಳಿಕೊಡುವಾಗ ತೋರದ ತಾಳ್ಮೆಯನ್ನೆಲ್ಲ ಅವಳು ನನಗೆ ತೋರಿದಳು. ಒಮ್ಮೆಯೂ ದಡ್ಡ ಎನ್ನಲಿಲ್ಲ. ಎಡಕ್ಕೆ ಎಂದರೆ ನಾನು ಬಲಕ್ಕೆ ವಾಲುತ್ತಿದ್ದೆ, ಬಿದ್ದಾಗ ಅವಳ ಮೇಲೇ ರೇಗುತ್ತಿದ್ದೆ. ಮನೆಗೆ ಬಂದೊಡನೆ ಅಪ್ಪ ಪೇಪರಿನಿಂದ ತಲೆಯೆತ್ತಿ, "ಹೇಗಾಯ್ತು?" ಎನ್ನುತ್ತಿದ್ದರು. "ಪರ್ವಾಗಿಲ್ಲಪ್ಪ, ಬರ್ತಾ ಇದೆ," ಎಂದು ಅವಳೇ ಉತ್ತರಿಸುತ್ತಿದ್ದಳು. ನಾಲ್ಕೈದು ತಿಂಗಳಾದ ಮೇಲೆ ಕಚೇರಿಯಲ್ಲಿ ಕೆಲಸ ಹೆಚ್ಚು ಎಂಬ ನೆಪ ಹೇಳಿ ನಿಲ್ಲಿಸಿದೆ.

ಸ್ಕೂಟರು ತಂಗಿಯದೇ ಆಯಿತು. ಅದರಿಂದಲೇ ಅವಳಿಗೊಂದು ಕೆಲಸ ಸಿಕ್ಕಿತು. ಒಂದು ಸಹಕಾರ ಸಂಘಕ್ಕೆ ಪಿಗ್ಮಿ ಸಂಗ್ರಹಿಸುವುದು, ಅಂದರೆ ಅಂಗಡಿ ಅಂಗಡಿಗೆ ಹೋಗಿ ದಿನದ ಉಳಿತಾಯದ ಹಣ ಪಡೆದು ತರುವುದು. ಟೋಲ್‌ಗೇಟಿನಿಂದ ರಾಜಾಜಿನಗರದ ತನಕ ಅಂಗಡಿಯವರೆಲ್ಲ ಅವಳನ್ನು ಪಿಗ್ಮಿ ಅಕ್ಕ ಎಂದು ಕರೆಯುತ್ತಿದ್ದರು. ಯಾರ ಮನೆಯಲ್ಲಿ ಬಾಣಂತನ, ಯಾರಿಗೆ ಈ ವಾರ ವ್ಯಾಪಾರವಿಲ್ಲ, ಯಾರನ್ನು ಇಂದು ಕೇಳಲೇಬಾರದು, ಎಲ್ಲ ಅವಳಿಗೆ ಮುಖ ನೋಡಿದರೆ ತಿಳಿಯುತ್ತಿತ್ತು. ನಾನು ಅದನ್ನು ಹರಟೆಯ ಚಟ ಎಂದುಕೊಂಡಿದ್ದೆ.

ಎರಡು ವರ್ಷದ ಮೇಲೆ ಕಚೇರಿಯವರು ನಮ್ಮಲ್ಲಿ ಕೆಲವರನ್ನು ಜ್ಞಾನಭಾರತಿಯಲ್ಲಿ ನಡೆದ ಒಂದು ತರಬೇತಿಗೆ ಕಳಿಸಿದರು. ನಾನು ಬಿದ್ದು ಎದ್ದ ರಸ್ತೆಗಳ ಮಧ್ಯೆಯೇ ಇತ್ತು ಆ ಕಟ್ಟಡ. ಕೊನೆಯ ದಿನ ಮನಶ್ಶಾಸ್ತ್ರದ ಮೇಷ್ಟ್ರೊಬ್ಬರು ಬಂದು, ಬುದ್ಧಿ ಎನ್ನುವುದು ಒಂದಲ್ಲ, ಹಲವು ಎಂದರು. ಲೆಕ್ಕದ್ದು ಬೇರೆ, ಮಾತಿನದು ಬೇರೆ. ರಾಗ ತಾಳದ್ದು, ಕೈಕಾಲಿನದು, ದಿಕ್ಕು ಆಕಾರದ್ದು, ಇನ್ನೊಬ್ಬರ ಮನಸ್ಸನ್ನು ಅರಿಯುವುದು, ತನ್ನನ್ನು ತಾನು ಅರಿಯುವುದು, ಒಂದೊಂದೂ ಬೇರೆ ಬೇರೆ. ಹೊರದೇಶದಲ್ಲಿ ಯಾರೋ ಹೊಸದಾಗಿ ಹೇಳಿದ ಮಾತಂತೆ. "ನಿಮಗೆ ನೀವೇ ಹತ್ತಕ್ಕೆ ಎಷ್ಟೆಷ್ಟು ಅಂತ ಹಾಕ್ಕೊಳ್ಳಿ. ನಂಗೆ ತೋರಿಸ್ಬೇಕಾಗಿಲ್ಲ, ಮೋಸ ಮಾಡ್ಬೇಡಿ ಅಷ್ಟೆ," ಎಂದರು.

ನಾನು ಪ್ರಾಮಾಣಿಕವಾಗಿಯೇ ಹಾಕಿಕೊಂಡೆ. ಲೆಕ್ಕಕ್ಕೆ ಒಂಬತ್ತು. ಮಾತಿಗೆ ಎಂಟು. ರಾಗಕ್ಕೆ ಒಂದು, ಅದೂ ಧಾರಾಳವೇ. ಕೈಕಾಲಿಗೆ ಒಂದೂವರೆ. ದಿಕ್ಕಿಗೆ ಎರಡು, ರಾಜಾಜಿನಗರದ ಬ್ಲಾಕುಗಳಲ್ಲಿ ಇಂದಿಗೂ ಕಳೆದುಹೋಗುವವನು ನಾನು. ಇನ್ನೊಬ್ಬರ ಮನಸ್ಸಿನ ಹತ್ತಿರ ಬಂದಾಗ ಒಂದು ಕ್ಷಣ ತಡೆದು, ಏಳು ಹಾಕಿದೆ. ಸ್ಕೂಟರಿನ ವಿಷಯದಲ್ಲಿ ಎಷ್ಟು ಅವಮಾನ ತಿಂದವನು ನಾನು, ಅವಮಾನ ತಿಂದವನಿಗೆ ಪರರ ನೋವು ತಿಳಿಯದೇ ಇರುತ್ತದೆಯೇ ಎಂದು ಯೋಚಿಸಿದೆ. ಬಹಳ ಹಗುರವಾಗಿ ಹೊರಬಂದೆ.

ಮನೆಗೆ ಹೋಗಲು ಬಸ್ ಬದಲಿಸಬೇಕಿತ್ತು. ಮಾಗಡಿ ರಸ್ತೆಯ ಟೋಲ್‌ಗೇಟಿನಲ್ಲಿ ಇಳಿದೆ. ಸಂಜೆಯ ಜನಜಂಗುಳಿ. ರಸ್ತೆಯ ಆಚೆ ಬದಿಯ ನಿಲ್ದಾಣದಲ್ಲಿ ಅಪ್ಪ ನಿಂತಿದ್ದರು, ಕೈಯಲ್ಲಿ ಊಟದ ಡಬ್ಬಿಯ ಚೀಲ, ಹೆಗಲ ಮೇಲೆ ಟವೆಲು. ನಿವೃತ್ತಿಗೆ ಹೆಚ್ಚು ಕಾಲವಿರಲಿಲ್ಲ, ಸ್ವಲ್ಪ ಬಾಗಿದ್ದರು. ಅಷ್ಟರಲ್ಲಿ ತಂಗಿಯ ಸ್ಕೂಟರು ಬಂದು ಅವರ ಮುಂದೆ ನಿಂತಿತು. ಅವಳು ತಿರುಗಿ ಹಿಂದಿನ ಸೀಟನ್ನು ಕೈಯಿಂದ ತಟ್ಟಿದಳು.

ಅಪ್ಪ ಅತ್ತ ನೋಡಿದರು, ಇತ್ತ ನೋಡಿದರು. ಡಬ್ಬಿಯ ಚೀಲವನ್ನು ಅವಳ ಕೈಗೆ ಕೊಟ್ಟರು. ಅವಳು ಅದನ್ನು ಮುಂದಿನ ಕೊಕ್ಕೆಗೆ ಸಿಕ್ಕಿಸಿದಳು. ಅವರು ಅವಳ ಹೆಗಲ ಮೇಲೆ ಕೈಯಿಟ್ಟು, ಒಂದು ಕಾಲು ಎತ್ತಿದರು. ಆ ಮುಖ ನಾನು ಕಂಡದ್ದೇ. ಗಂಜಿ ಹಾಕಿದ ಷರ್ಟಿನ ದಿನದ ಮುಖ.

ನನಗೆ ಹೊಟ್ಟೆಕಿಚ್ಚಾಗಲಿಲ್ಲ, ನಿಜವಾಗಿ ಹೇಳುತ್ತೇನೆ, ಸಂತೋಷವಾಯಿತು. ಕಡೆಗೂ ಹತ್ತಿದರಲ್ಲ ಎಂದು ಉಬ್ಬಿಹೋಗಿ, ಕೈ ಮೇಲೆತ್ತಿ, ಆ ಗದ್ದಲದಲ್ಲೂ ಕೇಳುವಂತೆ ಕೂಗಿದೆ: "ಅಪ್ಪಾ!"

ಅವರು ನನ್ನನ್ನು ನೋಡಿದರು. ಎತ್ತಿದ ಕಾಲನ್ನು ಕೆಳಗಿಟ್ಟರು.

ನಾನು ಪಕ್ಕದ ಕಡಲೆಕಾಯಿ ಗಾಡಿಯ ಹಿಂದೆ ಸರಿದು ನಿಂತಿದ್ದರೆ ಸಾಕಿತ್ತು. ಮುಖ ಬೇರೆ ಕಡೆ ತಿರುಗಿಸಿದ್ದರೂ ಸಾಕಿತ್ತು. ರಸ್ತೆ ದಾಟುವಷ್ಟರಲ್ಲಿ ನಾನು ಮಾಡಿದ್ದೇನೆಂದು ನನಗೆ ತಿಳಿಯಿತು. ಅಪ್ಪ ಚೀಲವನ್ನು ಕೊಕ್ಕೆಯಿಂದ ಬಿಡಿಸಿಕೊಂಡಾಗಿತ್ತು. "ಅಣ್ಣ ಬಂದ ನೋಡು. ನೀನು ನಡಿಯಮ್ಮ, ನಾವಿಬ್ರೂ ಬಸ್ಸಲ್ಲಿ ಬರ್ತೀವಿ," ಎನ್ನುತ್ತಿದ್ದರು. ತಂಗಿ ನನ್ನನ್ನು ಒಮ್ಮೆ ನೋಡಿದಳು. ಕಿಕ್ ಹೊಡೆದು ಹೊರಟುಹೋದಳು.

"ಅವ್ಳ ಜೊತೆ ಹೋಗ್ಬಹುದಿತ್ತಲ್ಲಪ್ಪ," ಎಂದೆ.

"ನೀನು ಕಲಿತ ಮೇಲೆ ಹೋದ್ರಾಯ್ತು ಬಿಡು. ಟ್ರೈನಿಂಗ್ ಹೇಗಾಯ್ತು?" ಎಂದರು.

"ಚೆನ್ನಾಗಾಯ್ತು," ಎಂದೆ.

ಆಮೇಲೂ ಅವರು ಆ ಸ್ಕೂಟರನ್ನು ಹತ್ತಲಿಲ್ಲ. ನಿವೃತ್ತಿಯ ದಿನ ಹಾರ, ಹಣ್ಣಿನ ಬುಟ್ಟಿ ಹಿಡಿದುಕೊಂಡು ಬಸ್ಸಿನಲ್ಲೇ ಬಂದರು. ತಂಗಿಯ ಮದುವೆಯಾದ ಮೇಲೆ ಸ್ಕೂಟರನ್ನು ಮಾರಿದೆವು. ಹಿಂದಿನ ಸೀಟು ಹೊಸದರಂತೆಯೇ ಇದೆಯಲ್ಲ ಎಂದು ಕೊಂಡವನು ಖುಷಿಪಟ್ಟ.

ಅಂದು ಟೋಲ್‌ಗೇಟಿನಲ್ಲಿ ಬಸ್ಸು ಬರುವುದು ತಡವಾಯಿತು. ಬಂದಾಗ ಬಾಗಿಲಲ್ಲಿ ಜನ ನೇತಾಡುತ್ತಿದ್ದರು. ಅಪ್ಪ ನನಗಿಂತ ಮೊದಲು ನುಗ್ಗಿ ಹತ್ತಿ, ಖಾಲಿಯಾದ ಒಂದು ಸೀಟಿಗೆ ಟವೆಲು ಎಸೆದು, "ಬಾರೋ, ಇಲ್ಲಿದೆ ಜಾಗ," ಎಂದು ಕೂಗಿದರು. ನಾನು ಕುಳಿತೆ. ಮನೆ ಬರುವ ತನಕ ಅವರು ನನ್ನ ಪಕ್ಕದಲ್ಲಿ ನಿಂತೇ ಬಂದರು.