ಹಿಡದೇನ್ರಿ

ಕಾರು ರಿಪೇರಿ ನಡೆದ ದಿನ ಕಾಕೂನ ಬಲ ಅಂಗಾಲಿನಲ್ಲಿ ಸಾಲು ಸಾಲು ಅಡ್ಡಗೆರೆ ಮೂಡಿರುತ್ತಿದ್ದವು. ಬ್ರೇಕ್ ಪೆಡಲಿನ ರಬ್ಬರಿನ ಅಚ್ಚು. ಕೊಣ್ಣೂರಿನಲ್ಲಿ ನಮ್ಮ ಬಾಜೂ ಮನೆಯ ಈ ಕಾಕೂ ಒಂದು ದಿನವೂ ಕಾರು ಓಡಿಸಿದವರಲ್ಲ. ಅವರ ಗಂಡ, ನಾವು ಕಾಕಾ ಎನ್ನುತ್ತಿದ್ದವರು, ಬಿಳಿ ಕಾರೊಂದನ್ನು ಇಟ್ಟುಕೊಂಡು ಗೋಕಾಕ, ಮೂಡಲಗಿ, ಹುಕ್ಕೇರಿ ಎಂದು ಬಾಡಿಗೆ ಹೊಡೆಯುತ್ತಿದ್ದರು. ಅವರು ಕಾರಿನ ಅಡಿಗೆ ಅಂಗಾತ ಮಲಗಿ ಬ್ರೇಕ್ ಪೈಪಿನೊಳಗಿನ ಗಾಳಿ ತೆಗೆಯುವಾಗಲೆಲ್ಲ, ಚಪ್ಪಲಿ ಕೆಳಗೆ ಬಿಟ್ಟು, ಸೆರಗು ಸೊಂಟಕ್ಕೆ ಸಿಕ್ಕಿಸಿ, ಡ್ರೈವರ್ ಸೀಟಿನಲ್ಲಿ ಕೂರುವವರು ಕಾಕೂ.

"ಒತ್ತು" ಎಂದು ಕೆಳಗಿನಿಂದ ಕಾಕಾ. "ಹಿಡದೇನ್ರಿ" ಎಂದು ಮೇಲಿನಿಂದ ಕಾಕೂ. "ಬಿಡು." "ಬಿಟ್ಟೇನ್ರಿ." ಗಂಡನ ಹೆಸರು ಬಾಯಿಗೆ ತಾರದ ಕಾಲದ ಹೆಣ್ಣುಮಗಳು, ಆ "ರಿ" ಒಂದರಲ್ಲೇ ಕರೆಯುವುದೆಲ್ಲ ಮುಗಿಯುತ್ತಿತ್ತು. ಗಂಡ ಹೆಂಡತಿ ಇಷ್ಟೇ ಮಾತಾಡಿ ಸಂಸಾರ ಸಾಗಿಸಿದರು ಎಂದು ಓಣಿಯವರು ಚೇಷ್ಟೆ ಮಾಡುತ್ತಿದ್ದರು.

ಕಾಕಾ ತೀರಿದಾಗ ಅವರ ಮನೆಯ ಹಿಂದಿನ ಹೊಲದ ಅಂಚಿನಲ್ಲಿ, ನಮ್ಮ ಲಿಂಗವಂತರ ಪದ್ಧತಿಯಂತೆ, ಕೂಡ್ರಿಸಿ ಮಣ್ಣು ಕೊಟ್ಟೆವು. ಕಾರು ಆ ಸಮಾಧಿಯ ಪಕ್ಕದಲ್ಲೇ ನಿಂತುಬಿಟ್ಟಿತು; ತಿಂಗಳಿಗೊಮ್ಮೆ ನಾನೇ ಎಂಜಿನ್ ಚಾಲೂ ಮಾಡಿ ಬಿಡುತ್ತಿದ್ದೆ. ಕಾಕೂ ದಿನಾಲೂ ಅಲ್ಲಿ ಕಸ ಗುಡಿಸುತ್ತ ಮಣ್ಣಿನ ಜೊತೆ ಮಾತಾಡುವರು. ಕರೆಂಟ್ ಬಂದಿಲ್ಲ, ಎಮ್ಮೆ ಒದೆಯುತ್ತಿದೆ, ಇಂಥವೇ. "ಮಲಗಿದವರನ್ನ ಯಾಕ ಎಬ್ಬಸ್ತೀರಿ ಕಾಕೂ?" ಎಂದು ನಾನೊಮ್ಮೆ ನಕ್ಕೆ.

"ಮಲಗ್ಯಾರಂತ ಯಾರ್ ಹೇಳಿದ್ರೋ ತಮ್ಮಾ? ಕುಂದ್ರಸಾಕ ನೀನೂ ಕೈ ಹಚ್ಚಿದ್ಯಲ್ಲ. ಕುಂತಾರ ಅವರು. ಕುಂತವರಿಗೆ ಎಲ್ಲಾ ಕೇಳಸ್ತೈತಿ."



ಆಮೇಲೆ ಕೆಲವು ವರ್ಷಕ್ಕೆ ನನ್ನ ಹೆಂಡತಿ ಹುಕ್ಕೇರಿಯ ತವರಿನಲ್ಲಿ ಬಾಣಂತನ ಮುಗಿಸಿದ್ದಳು. ಹಸುಗೂಸನ್ನು ಬಸ್ಸಿನ ನೂಕಾಟದಲ್ಲಿ ತರಲು ಮನಸ್ಸಾಗದೆ ಕಾಕೂನ ಕಾರು ಕೇಳಿದೆ. "ಒಯ್ಯಿ. ಆದ್ರ ಬ್ರೇಕ್ ಪೈಪ್ ಎಲ್ಲಾ ಬದಲಿ ಆಗಬೇಕು. ಇಲ್ಲೇ ಆಗಬೇಕು, ಅವರ ಮುಂದ" ಎಂದರು.

ಪಂಪ್‌ಸೆಟ್ ಬಿಚ್ಚಿ ಕಟ್ಟಿ ಹೊಟ್ಟೆ ಹೊರೆಯುವ ನನಗೆ ಇದೇನು ಮಹಾ ಎನಿಸಿತು. ಜಾಕ್ ಕೊಟ್ಟು, ಕಲ್ಲು ಇಟ್ಟು, ಅಡಿಗೆ ನುಸುಳಿದೆ. ಹಳೆಯ ಪೈಪುಗಳು ತುಕ್ಕು ತಿಂದು, ಕೈ ಹಚ್ಚಿದರೆ ಹಪ್ಪಳದಂತೆ ಮುರಿದವು. ಗೋಕಾಕದಿಂದ ತಂದ ಹೊಸ ಪೈಪನ್ನು ಹಳೆಯದರ ಅಳತೆಗೆ ಬಗ್ಗಿಸಿ, ಜೋಡಣೆ ಬಿಗಿಯಾಗಿ ಕೂರಲೆಂದು ತುದಿಯ ಬಾಯಿ ಅರಳಿಸಿ, ಪಾನಾ ಹಾಕಿ ನಟ್ಟು ಬಿಗಿದೆ. ಬ್ರೇಕ್ ಆಯಿಲ್ ತುಂಬಿದೆ. ಕಾಕೂ ಚಪ್ಪಲಿ ಬಿಟ್ಟು ಸೀಟಿಗೆ ಏರಿದರು.

"ಒತ್ರಿ." "ಹಿಡದೇನೋ." "ಬಿಡ್ರಿ." "ಬಿಟ್ಟೇನೋ." ನಾನು ಮಗನ ವಯಸ್ಸಿನವ, ನನಗೆ "ರಿ" ಇಲ್ಲ. ನಾಲ್ಕೂ ಗಾಲಿ ಮುಗಿದವು, ಪೆಡಲು ಕಲ್ಲಿನಷ್ಟು ಗಟ್ಟಿಯಾಯಿತು. "ಆತ್ರಿ, ಇಳೀರಿ" ಎಂದು ಹೇಳಿ ಹಿತ್ತಲ ನಳದಲ್ಲಿ ಕೈ ತೊಳೆಯಲು ಹೋದೆ.

ಮಟಮಟ ಮಧ್ಯಾಹ್ನ. ಕಬ್ಬಿನ ಒಂದು ಗರಿಯೂ ಅಲುಗುತ್ತಿರಲಿಲ್ಲ. ಬೆನ್ನ ಹಿಂದೆ ಕಾಕೂನ ದನಿ ಕೇಳಿತು.

"ಹಿಡದೇನ್ರಿ."

ತಿರುಗಿದರೆ ಕಾಕೂ ಸೀಟಿನಲ್ಲೇ ಇದ್ದಾರೆ, ಪೆಡಲು ಒತ್ತಿ ಹಿಡಿದು, ಎದುರಿನ ಗಾಜಿನಾಚೆ ನೋಡುತ್ತ. "ಯಾರಿಗೆ ಅಂದ್ರಿ ಕಾಕೂ? ನಾ ಏನೂ ಅಂದಿಲ್ಲ."

"ನೀ ಅನ್ಲಿಲ್ಲ. ಒತ್ತು ಅಂತ ಕೆಳಗಿಂದ ಅವರು ಅಂದ್ರು." ಆಮೇಲೆ ಸಣ್ಣ ದನಿಯಲ್ಲಿ, "ಇನ್ನಾ ಬಿಡು ಅಂದಿಲ್ಲ."

ಕಾರಿನ ಅಡಿಯಲ್ಲಿ ಯಾರೂ ಇರಲಾರರೆಂದು ಗೊತ್ತು. ಆದರೂ ಬಗ್ಗಿ ನೋಡಲು ಧೈರ್ಯ ಸಾಲಲಿಲ್ಲ. ಕಾಕೂ ಕಾಲು ತೆಗೆಯಲಿಲ್ಲ. ಸ್ವಲ್ಪ ಹೊತ್ತಿಗೆ, "ತಮ್ಮಾ, ಇದು ಇಳ್ಯಾಕತ್ತೈತಿ" ಎಂದರು. ಗಟ್ಟಿಯಾಗಿದ್ದ ಪೆಡಲು ಅವರ ಕಾಲಡಿಯಲ್ಲಿ ಮೆಲ್ಲಗೆ ತಳ ಮುಟ್ಟಿತು.

ಆಗ ಬಗ್ಗಿದೆ. ಯಾರೂ ಇರಲಿಲ್ಲ. ಸಮಾಧಿಯ ಕಡೆಗಿದ್ದ ಹಿಂದಿನ ಗಾಲಿಯ ಹತ್ತಿರ ಆಯಿಲ್ ತೊಟ್ಟಿಕ್ಕುತ್ತಿತ್ತು. ನಾನು ಅರಳಿಸಿದ ತುದಿಯಲ್ಲಿ ಕೂದಲೆಳೆಯಷ್ಟು ಸೀಳು. ಒತ್ತಿ ಬಿಟ್ಟರೆ ಕಾಣದು, ಹಿಡಿದೇ ಇದ್ದರಷ್ಟೇ ಬಾಯಿ ಬಿಡುವಂಥದ್ದು. ಆ ತುದಿ ಕತ್ತರಿಸಿ, ಮತ್ತೆ ಅರಳಿಸಿ ಬಿಗಿದೆ. ಈ ಸಲ ಕಾಕೂ ಎಷ್ಟು ಹೊತ್ತು ಹಿಡಿದರೂ ಪೆಡಲು ಇಳಿಯಲಿಲ್ಲ.

ಮರುದಿನ ಹೆಂಡತಿ ಮತ್ತು ಕೂಸನ್ನು ಕರೆದುಕೊಂಡು ಹುಕ್ಕೇರಿಯಿಂದ ಬರುವಾಗ, ಇಳಿಜಾರಿನ ತಿರುವಿನಲ್ಲಿ ಕುರಿಹಿಂಡೊಂದು ರಸ್ತೆ ತುಂಬ ಎದುರಾಯಿತು. ಎಡಕ್ಕೆ ಆಳದ ತಗ್ಗು. ಇದ್ದ ಶಕ್ತಿಯನ್ನೆಲ್ಲ ಹಾಕಿ ಒತ್ತಿದೆ. ಕಾರು ನಿಂತಿತು. ಕೂಸು ಒಮ್ಮೆ ಬೆಚ್ಚಿ ಮತ್ತೆ ನಿದ್ದೆ ಹೋಯಿತು. "ಯಾಕ್ರಿ, ಕಣ್ಣಾಗ ನೀರು?" ಎಂದಳು ಹೆಂಡತಿ. ಕುರಿಗಳೆಲ್ಲ ದಾಟಿದ ಮೇಲೆ ಕಾರನ್ನು ಮೆಲ್ಲಗೆ ಮುಂದೆ ಬಿಟ್ಟೆ.

ಊರಿಗೆ ಬಂದ ಕೂಡಲೇ ಕಾಕೂಗೆ ಎಲ್ಲ ಹೇಳಿದೆ. ಅವರು ನನ್ನತ್ತ ನೋಡಲೇ ಇಲ್ಲ. ಹಿತ್ತಲಿಗೆ ಹೋಗಿ, ಬಗ್ಗಿ, ಮಣ್ಣಿಗೆ ಹೇಳಿದರು: "ನಿಂತಿತಂತ್ರಿ."

ಹೋದ ವರ್ಷ ಕಾಕೂನೂ ಹೋದರು. ಗಂಡನ ಮಗ್ಗುಲಲ್ಲೇ ಕೂಡ್ರಿಸಿದೆವು. ಅವರ ಋಣ ನನ್ನ ಮನೆಯಲ್ಲಿ ಗೆಜ್ಜೆ ಕಟ್ಟಿಕೊಂಡು ಓಡಾಡುತ್ತಿದೆ. ತೀರಿಸುವ ಮಾತೇ ಇಲ್ಲ. ಎಲ್ಲಿಗೆ ಹೋಗಿ ಬಂದರೂ, ಮನೆ ಹೊಗುವ ಮುಂಚೆ ಆ ಹೊಲದ ಅಂಚಿಗೆ ಹೋಗಿ, ಸುಖವಾಗಿ ಊರು ಮುಟ್ಟಿದೆವೆಂದು ಹೇಳಿ ಬರುವುದು ನಮಗೀಗ ರೂಢಿ. ಒಮ್ಮೆ ಹೇಳದೆ ಒಳಗೆ ಹೋಗಿ ಊಟಕ್ಕೆ ಕುಳಿತಾಗ, ಹಿತ್ತಲಲ್ಲಿ ಯಾರೋ ಇನ್ನೂ ಕಾಯುತ್ತಿದ್ದಾರೆ ಎನಿಸಿ, ತಾಟು ಬಿಟ್ಟು ಎದ್ದು ಹೋಗಿ ಹೇಳಿ ಬಂದೆ. ಈಗ ಮಗಳೇ ನನಗಿಂತ ಮೊದಲು ಓಡುತ್ತಾಳೆ. ಎರಡು ಸಮಾಧಿಗಳ ನಡುವೆ ನಿಂತು, ಗಟ್ಟಿಯಾಗಿ ಕೂಗುತ್ತಾಳೆ:

"ಮುಟ್ಟೇವ್ರಿ!"